ಮದಿವಿಗೆ ಬಂದ ಮಂದೀನ ಎಲ್ಲಿ ತಿರುಗಾಡಿಸಬೇಕು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಪೂರಾ ಪ್ಲಾನ್

ನಮ್ ತಂಗಿ ಮದಿವಿ ಹುಬ್ಬಳ್ಳ್ಯಾಗ ಆತು, ಹುಡುಗನ ಕಡೆಯವ್ರು ಮೈಸೂರಿನವ್ರು, ಎರಡು ದಿನ ಮೊದ್ಲೇ ಬಂದು ಇಳದ್ರು. ನಾಷ್ಟಾ ಮುಗಿಸಿ ಕಾರ್ಯಾಲಯದ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕುಂತು ಬೀಗರು "ಇಲ್ಲಿ ನೋಡೋಕೆ ಏನಿದೆ?" ಅಂದ್ರು. ನಾ ಜೋಶ್‌ನ್ಯಾಗ ಹದಿಮೂರು ಮಂದೀನ ಒಂದ್ ಕ್ರೂಸರ್‌ಗೆ ತುಂಬಿ ಗದಗ, ಲಕ್ಕುಂಡಿ, ಡಂಬಳ ಎಲ್ಲಾ ತೋರಿಸಿ, ಅಷ್ಟಕ್ಕೂ ಬಿಡದ ಯಾರೋ ಏಲಕ್ಕಿ ಮಾಲಿ ಬೇಕು ಅಂದ್ರು ಅಂತ ಹಾವೇರಿಗೂ ಹೊಡದೆ. ಸಂಜಿ ಆರಕ್ಕ ಅರಿಷಿಣ ಇತ್ತು, ನಾವು ವಾಪಸ್ ಬಂದಿದ್ದು ರಾತ್ರಿ ಒಂಬತ್ತೂವರಿಗೆ. ಹುಡುಗನ ಅತ್ತಿ ನಮ್ ಗಾಡ್ಯಾಗ ಇದ್ರು, ಅಲ್ಲಿ ಶಾಸ್ತ್ರಕ್ಕ ಅವ್ರಿಗೇ ಕಾಯ್ಕೋತ ಕುಂತಿದ್ರು. ನಮ್ಮವ್ವ ಎರಡು ದಿನ ನನ್ ಜೋಡಿ ಮಾತಾಡ್ಲಿಲ್ಲ.

ಆಮೇಲೆ ಮನ್ಯಾಗ ಇನ್ನೂ ಮೂರು ಮದಿವಿ ಆದ್ವು, ಮೂರರಾಗೂ ತಿರುಗಾಡ್ಸೂ ಕೆಲಸ ನನಗ ಬಿತ್ತು. ಈಗ ಒಂದ್ ಲೆಕ್ಕ ಕುಂತೈತಿ, ಅದನ್ನ ಬರೀತೀನಿ. ಒಟ್ಟು ಮಾತು ಇಷ್ಟ: ಒಂದ್ ದಿನಕ್ಕ ಒಂದ್ ದಿಕ್ಕು. ಗದಗ ದಿಕ್ಕು ಹಿಡದ್ರ ಹಾವೇರಿ ಮರೀರಿ, ಹಾವೇರಿ ಹಿಡದ್ರ ಧಾರವಾಡ ಮರೀರಿ.

ಮೊದ್ಲು ಗಂಟಿ ಲೆಕ್ಕ, ಆಮೇಲೆ ಊರಿನ ಹೆಸರು

ಎಲ್ಲಾರೂ ಉಲ್ಟಾ ಮಾಡ್ತಾರ, ಮೊದ್ಲು ಊರು ಆರಿಸಿ ಆಮೇಲೆ ಟೈಮ್ ಹುಡುಕ್ತಾರ. ನೀವು ಒಂದ್ ಹಾಳಿ ತಗೊಂಡು ಕಾರ್ಯಕ್ರಮ ಬರೀರಿ: ಹಂದರ ಯಾವಾಗ, ಅರಿಷಿಣ ಯಾವಾಗ, ಸುರಿಗಿ ಯಾವಾಗ, ಅಕ್ಕಿಕಾಳು ಎಷ್ಟಕ್ಕ. ನಡುವ ಖಾಲಿ ಹೊತ್ತು ಎಷ್ಟು ಉಳಿತು ನೋಡ್ರಿ. ಅದರಾಗ ಎರಡು ತಾಸು ತೆಗೀರಿ, ಯಾಕಂದ್ರ ಹೆಣ್ಮಕ್ಕಳು ತಯಾರಾಗಬೇಕು, ಜಳಕ ಆಗಬೇಕು, ಯಾರೋ ಒಬ್ರದು ಬ್ಲೌಸ್ ಹೊಲಿಗಿ ಬಿಚ್ಚಿರ್ತೈತಿ. ಉಳಿದಿದ್ದು ನಿಮ್ದು. ಮೂರು ತಾಸಿದ್ರ ಹುಬ್ಬಳ್ಳಿ ಒಳಗ, ಐದಾರು ತಾಸಿದ್ರ ಧಾರವಾಡ, ಹತ್ತು-ಹನ್ನೆರಡು ತಾಸು ಇದ್ರಷ್ಟೇ ಗದಗ ಇಲ್ಲಾ ಹಾವೇರಿ.

ಇನ್ನೊಂದು, ಶಾಸ್ತ್ರಕ್ಕ ಬೇಕಾದ ಮಂದೀನ ಮದಿವಿ ಹಿಂದಿನ ದಿನ ಊರು ಬಿಟ್ಟು ಹೊರಗ ಒಯ್ಯಬ್ಯಾಡ್ರಿ. ಸೋದರಮಾವ, ಅತ್ತಿ, ಕಳಸಗಿತ್ತಿ, ಇವ್ರನ್ನ ಬಿಟ್ಟು ಉಳಿದೋರ್ನ ಕರ್ಕೊಂಡ್ ಹೋಗ್ರಿ. ಇವ್ರಿಗೆ ಮದಿವಿ ಮರುದಿನ ಬ್ಯಾರೆ ಟ್ರಿಪ್ ಇಡ್ರಿ, ಅವಾಗ ಅವ್ರೂ ಆರಾಮಾಗಿ ನೋಡ್ತಾರ.

ಗಾಡಿ

ಆರೇಳು ಮಂದಿ ಇದ್ರ ಕಾರು, ಹತ್ತರ ಮ್ಯಾಲೆ ಇದ್ರ ಕ್ರೂಸರ್ ಇಲ್ಲಾ ಟಿಟಿ (ಟೆಂಪೋ ಟ್ರಾವೆಲರ್). ಕ್ರೂಸರ್ ಅಗ್ಗ ಬೀಳ್ತೈತಿ ಖರೆ, ಆದ್ರ ಹಿಂದಿನ ಸೀಟಿನ್ಯಾಗ ವಯಸ್ಸಾದವ್ರನ್ನ ಕುಂಡ್ರಸಬ್ಯಾಡ್ರಿ, ಗದಗ ಮುಟ್ಟೂದ್ರಾಗ ಸೊಂಟ ಹೋಗಿರ್ತೈತಿ. ಬಾಡಿಗಿ ಮಾತಾಡೂ ಮುಂದ ಮೂರು ಮಾತು ಬಿಡಿಸಿ ಕೇಳ್ರಿ: ದಿನಕ್ಕೋ ಕಿಲೋಮೀಟರ್‌ಗೋ, ಡ್ರೈವರ್ ಭತ್ತೆ ಅದ್ರಾಗ ಐತೋ ಇಲ್ಲೋ, ಟೋಲು ಯಾರ್ದು. ನಾ ಒಂದ್ ಸಲ ಕೇಳದ ಬಿಟ್ಟು, ರಾತ್ರಿ ಹತ್ತು ಗಂಟೆಕ್ಕ ಕಾರ್ಯಾಲಯದ ಗೇಟ್ ಮುಂದ ಬೀಗರ ಎದುರಿಗೇ ವಾದ ಮಾಡೂ ಪಾಳಿ ಬಂದಿತ್ತು, ಆ ಮರ್ಯಾದಿ ಯಾರಿಗೂ ಬ್ಯಾಡ.

ಸಣ್ಣ ಗುಂಪಿದ್ರ ಬಸ್ಸೇ ಛೊಲೊ. ಹುಬ್ಬಳ್ಳಿ-ಧಾರವಾಡ ನಡುವ ಇಪ್ಪತ್ತು ಕಿಲೋಮೀಟರ್ ಚಿಲ್ರೆ, ಚಿಗರಿ ಬಸ್ಸಿಗೆ ತನ್ನದ ಬ್ಯಾರೆ ರಸ್ತಾ ಐತಿ, ಟ್ರಾಫಿಕ್ ತ್ರಾಸಿಲ್ಲ. ಬೆಂಗಳೂರಿನ ಹುಡುಗುರಿಗಂತೂ ನಡುರಸ್ತಾದಾಗ ಮೆಟ್ರೋ ಹಂಗ ಸ್ಟೇಷನ್ ನೋಡಿ ಮಜಾ ಅನಸ್ತೈತಿ. ಗದಗಿಗೆ ಹುಬ್ಬಳ್ಳಿಂದ ಬಸ್ಸು ಮ್ಯಾಲಿಂದ ಮ್ಯಾಲೆ ಅದಾವು. ಶಕ್ತಿ ಯೋಜನಾ 2023ರ ಜೂನ್‌ದಿಂದ ಐತಲ್ಲ, ನಮ್ ರಾಜ್ಯದ ಹೆಣ್ಮಕ್ಕಳಿಗೆ ಆರ್ಡಿನರಿ, ಎಕ್ಸ್‌ಪ್ರೆಸ್ ಬಸ್ಸಿನ್ಯಾಗ ಟಿಕೆಟ್ ರೊಕ್ಕ ಇಲ್ಲ. ಆಧಾರ್ ಕಾರ್ಡ್ ಪರ್ಸಿನ್ಯಾಗ ಇಟ್ಕೊಳ್ಳಾಕ ಹೇಳ್ರಿ. ಪುಣೆ, ಸೊಲ್ಲಾಪುರದಿಂದ ಬಂದ ಅಕ್ಕಗಳಿಗೆ ಇದು ನಡಿಯೂದಿಲ್ಲ, ಕಂಡಕ್ಟರ್ ಮುಂದ ಮುಜುಗರ ಆಗೂದ್ರಕಿಂತ ಮೊದ್ಲೇ ಹೇಳಿಬಿಡ್ರಿ.

ರೈಲಿಗೆ ಬರೋರ್ದು ಬ್ಯಾರೆ ಕತಿ. ಹುಬ್ಬಳ್ಳಿ ಸ್ಟೇಷನ್ನಿನ ಎಂಟನೇ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಎಲ್ಲಾಕಿಂತ ಉದ್ದ. ಹೆಮ್ಮಿ ವಿಷಯ, ಆದ್ರ ನಾಕು ಸೂಟ್‌ಕೇಸು, ಒಂದ್ ಅಜ್ಜಿ ಜೋಡಿ ಅದ್ರ ತುದಿಗೆ ಇಳದೋರಿಗೆ ಹೆಮ್ಮಿ ಅನಸೂದಿಲ್ಲ. ಯಾವ ಪ್ಲಾಟ್‌ಫಾರ್ಮು, ಯಾವ ಬೋಗಿ, ಯಾವ ಗೇಟಿಗೆ ಹೊರಗ ಬರ್ತೀರಿ ಅಂತ ಫೋನಿನ್ಯಾಗ ಕೇಳಿನ ಗಾಡಿ ಕಳಿಸ್ರಿ.

ಮೂರು ತಾಸು ಇದ್ರ: ಹುಬ್ಬಳ್ಳಿ ಒಳಗ

ಮುಂಜಾನಿ ಆದ್ರ ಸಿದ್ಧಾರೂಢ ಮಠ, ಹಿರ್ಯಾರು ಹೆಂಗೂ ಕೇಳೇ ಕೇಳ್ತಾರ. ಸ್ಟೇಷನ್ನಿಗೂ ಅವ್ರ ಹೆಸರೇ ಐತಿ. ಅಲ್ಲಿಂದ ಉಣಕಲ್ಲಿಗೆ ಬಂದ್ರ ಚಂದ್ರಮೌಳೇಶ್ವರ ಗುಡಿ. ಇದನ್ನ ಹುಬ್ಬಳ್ಳಿಯವ್ರೇ ಅರ್ಧಾ ಮಂದಿ ನೋಡಿಲ್ಲ! ಮನಿ-ಮನಿ ನಡುವ ಸಂದ್ಯಾಗ ಹೋಗಬೇಕು, ಒಮ್ಮೆಲೆ ಚಾಲುಕ್ಯರ ಕಾಲದ ಕಲ್ಲಿನ ಗುಡಿ ಎದುರಿಗೆ ನಿಲ್ತೈತಿ, ನಾಕೂ ದಿಕ್ಕಿಗೆ ಬಾಗಲಾ. ಇಷ್ಟು ಹತ್ರ ಇಂಥಾದ್ದೊಂದು ಐತಿ ಅಂದ್ರ ಬಂದೋರು ನಂಬೂದಿಲ್ಲ. ದೊಡ್ಡ ಗಾಡಿ ಸಂದ್ಯಾಗ ಹೋಗೂದಿಲ್ಲ, ಹೊರಗ ನಿಲ್ಲಿಸಿ ನಡೀರಿ.

ಸಂಜಿ ಆದ್ರ ಉಣಕಲ್ ಕೆರಿ, ಇಲ್ಲಾ ನೃಪತುಂಗ ಬೆಟ್ಟ. ಬೆಟ್ಟದ ಮ್ಯಾಲಿಂದ ಊರ ದೀಪ ಹತ್ತೂದನ್ನ ನೋಡಾಕ ಛಂದ. ಸಣ್ಣ ಹುಡುಗುರಿದ್ರ ಗ್ಲಾಸ್ ಹೌಸ್ ಗಾರ್ಡನ್, ರೈಲ್ವೆ ಮ್ಯೂಸಿಯಂ ಎರಡೂ ಅದಾವು, ವಾರದ ರಜಾ ಯಾವಾಗ ಅಂತ ಮೊದ್ಲೇ ಫೋನ್ ಮಾಡಿ ಕೇಳ್ಕೊರಿ. ಬೆಂಗೇರಿ ಖಾದಿ ಸಂಘದಾಗ ದೇಶದ ಧ್ವಜ ತಯಾರ ಮಾಡ್ತಾರ, ಒಳಗ ನೋಡಬೇಕಂದ್ರ ಮೊದ್ಲೇ ಪರ್ಮಿಷನ್ ತಗೊಂಡಿರಬೇಕು, ಸುಮ್ನ ಹೋಗಿ ಬಾಗಲಾ ಬಡದ್ರ ಆಗೂದಿಲ್ಲ.

ಕಡೀಕ ದುರ್ಗದಬೈಲು. ಇಲ್ಲಿ ಗಿರ್ಮಿಟ್ ತಿನ್ನದ ಕಳಿಸಿದ್ರ ಮದಿವಿ ಮಾಡಿದ್ದೂ ದಂಡ. ಗಾಡಿಯಾಂವ ಚುರುಮರಿ ಮ್ಯಾಲೆ ಹುಣಸಿ-ಬೆಲ್ಲದ ಒಗ್ಗರಣಿ ಗೊಜ್ಜು ಹಾಕಿ, ಪುಠಾಣಿ ಹಿಟ್ಟು ಉದುರಿಸಿ, ಉಳ್ಳಾಗಡ್ಡಿ, ಟೊಮ್ಯಾಟೊ, ಕೊತಂಬ್ರಿ ಒಗದು ಡಬರ್ಯಾಗ ಕಲಸೂದು ಬರೇ ಹತ್ತು ಸೆಕೆಂಡಿನ ಆಟ, ಆದ್ರ ಅದನ್ನ ಕೈಯಾಗ ಕೊಟ್ಟ ಮ್ಯಾಲೆ ಎರಡು ನಿಮಿಷದಾಗ ತಿನ್ನಬೇಕು, ತಡಾ ಆದ್ರ ಮೆತ್ತಗಾಗ್ತೈತಿ. ನಮ್ ಮೈಸೂರು ಬೀಗರು ಫೋಟೋ ತಗೀತ ನಿಂತ್ರು, ಆಮೇಲೆ "ಚುರುಮುರಿ ತರ ಗರಿ ಇಲ್ವಲ್ಲಾ" ಅಂದ್ರು. ಇನ್ನೊಂದ್ ಪ್ಲೇಟ್ ಕೊಡಿಸಿ, ಫೋನ್ ಕಸಗೊಂಡು ತಿನ್ನಿಸಿದೆ. ಜೋಡಿ ಮಿರ್ಚಿ ಇರಬೇಕು ಅಂತೂ ಹೇಳೂದೇ ಬ್ಯಾಡ.

ಅರ್ಧಾ ದಿನ: ಧಾರವಾಡ

ಧಾರವಾಡದಾಗ ಕಣ್ಣು ಕುಕ್ಕೂ ಅಂಥಾದ್ದೇನಿಲ್ಲ, ಮೊದ್ಲೇ ಹೇಳ್ತೀನಿ. ಅಲ್ಲಿಯ ಗಿಡಾ, ಮಳಿ, ಓಣಿ, ಹಂಚಿನ ಮನಿ, ನಿಧಾನ ಮಾತಾಡೂ ಮಂದಿ, ಅದ ನೋಡೂದು. ಓದೂ ಮಂದಿ, ಹಾಡು ಕೇಳೂ ಮಂದಿ ಇದ್ರ ಕರ್ಕೊಂಡ್ ಹೋಗ್ರಿ, ಸೆಲ್ಫಿ ಗ್ಯಾಂಗ್ ಇದ್ರ ಬ್ಯಾಡ.

ನುಗ್ಗಿಕೇರಿ ಹನಮಪ್ಪನ ಗುಡಿಂದ ಶುರು ಮಾಡ್ರಿ, ಶನಿವಾರ ಮಾತ್ರ ಬ್ಯಾಡ, ಜನಾ ಕಾಲಿಡಾಕ ಬಿಡೂದಿಲ್ಲ. ಅಲ್ಲಿಂದ ಸಾಧನಕೇರಿ, ಬೇಂದ್ರೆ ಅಜ್ಜಾರ ಮನಿ "ಶ್ರೀಮಾತಾ". ಎದುರಿಗೆ ಕೆರಿ, ಬಾಜೂಕ ಬೇಂದ್ರೆ ಭವನ. ಹತ್ತು ನಿಮಿಷದಾಗ ನೋಡಿ ಮುಗಿಸಬಹುದು, ಆದ್ರ ಕೆರಿ ದಂಡ್ಯಾಗ ಒಂದ್ ಅರ್ಧಾ ತಾಸು ಕುಂಡ್ರಾಕ ಬಿಡ್ರಿ. ನಮ್ ದೊಡ್ಡಪ್ಪ ಅಲ್ಲಿ ಕುಂತು ಶಾಲ್ಯಾಗ ಕಲತ ಪದ್ಯ ಒಂದೊಂದೇ ಅಂದ್ರು, ಪುಣೆಯಿಂದ ಬಂದ ಮೊಮ್ಮಗಳಿಗೆ ಒಂದ್ ಅಕ್ಷರ ಕನ್ನಡ ಓದಾಕ ಬರೂದಿಲ್ಲ, ಅಕಿ ಸುಮ್ನ ಬಾಯಿ ನೋಡ್ಕೋತ ಕುಂತಿದ್ಲು.

ಹಾಡಿನ ಹುಚ್ಚಿದ್ದೋರಿಗೆ ಮಲ್ಲಿಕಾರ್ಜುನ ಮನಸೂರರ ಮನಿ "ಮೃತ್ಯುಂಜಯ" ತೋರಿಸ್ರಿ. ಯೂನಿವರ್ಸಿಟಿ ಕ್ಯಾಂಪಸ್ ಗಾಡ್ಯಾಗ ಒಂದ್ ಸುತ್ತು ಹಾಕಿದ್ರ ಸಾಕು. 1890ರಾಗ ಶುರು ಆದ ಕರ್ನಾಟಕ ವಿದ್ಯಾವರ್ಧಕ ಸಂಘದ ಮುಂದ ಹಾದು ಹೋಗೂ ಮುಂದ, ಕರ್ನಾಟಕ ಒಂದಾಗಬೇಕು ಅನ್ನೂ ಮಾತಿಗೆ ಬಲಾ ಬಂದಿದ್ದು ಇಲ್ಲಿಂದ ಅಂತ ಹೇಳಾಕ ಮರೀಬ್ಯಾಡ್ರಿ, ದಕ್ಷಿಣದ ಕಡೆಯವ್ರಿಗೆ ಇದು ಗೊತ್ತಿರೂದು ಕಮ್ಮಿ.

ಫೇಡೆ ಕಡೀಕ ಇಡ್ರಿ. ಹಾಲು ಬತ್ತಿಸಿ ಖೋವಾ ಮಾಡಿ, ಅದನ್ನ ಕೆಂಪಗಾಗೂತನಾ ಹುರದು, ಉಂಡಿ ಕಟ್ಟಿ ಸಕ್ಕರಿ ಪುಡ್ಯಾಗ ಹೊಳ್ಳಾಡಿಸೂದು, ಅಷ್ಟ. ಹುರದಿದ್ದೇ ಅದರ ರುಚಿ. ಲೈನ್ ಬಜಾರಿನ ಠಾಕೂರರ ಅಂಗಡಿ ಹಳೀದು, ಮಿಶ್ರಾದವ್ರ ಅಂಗಡಿ ಎಲ್ಲಾ ಕಡೆ ಸಿಗ್ತೈತಿ, ಯಾವುದು ಛೊಲೊ ಅನ್ನೂ ಜಗಳಕ್ಕ ನಾ ಬರೂದಿಲ್ಲ, ನಮ್ ಮನ್ಯಾಗ ಈ ವಿಷಯಕ್ಕ ಎರಡು ಪಾರ್ಟಿ ಅದಾವು. ಊರಿಗೆ ಒಯ್ಯಾಕ ಬೇಕು ಅಂದ್ರ ಹಿಂದಿನ ದಿನ ಎಷ್ಟು ಕಿಲೋ ಅಂತ ಎಲ್ಲಾರ್ನೂ ಕೇಳಿ ಒಬ್ರೇ ಹೋಗಿ ತರ್ರಿ. ಹನ್ನೆರಡು ಮಂದಿ ಗಾಡಿ ಇಳದು ಪಾಳಿ ಹಚ್ಚಿದ್ರ ಒಂದ್ ತಾಸು ಅಲ್ಲೇ ಹೋತು.

ಪೂರ್ತಿ ದಿನ: ಗದಗ-ಲಕ್ಕುಂಡಿ

ಒಂದ ದಿನ ಐತಿ, ಒಂದ ಕಡೆ ಹೋಗಬೇಕು ಅಂದ್ರ ನಾ ಕಣ್ಮುಚ್ಚಿ ಇದನ್ನ ಹೇಳ್ತೀನಿ. ಬೇಲೂರು-ಹಳೇಬೀಡು ನೋಡಿ ಬಂದ ಮೈಸೂರು ಮಂದಿನೂ ಇಲ್ಲಿ ಸುಮ್ನಾಗಿಬಿಟ್ರು.

ಹುಬ್ಬಳ್ಳಿಂದ ಗದಗ ಐವತ್ತೆಂಟು ಕಿಲೋಮೀಟರ್, ಅಲ್ಲಿಂದ ಲಕ್ಕುಂಡಿ ಹೊಸಪೇಟಿ ರಸ್ತಾದಾಗ ಇನ್ನೊಂದ್ ಹನ್ನೊಂದು-ಹನ್ನೆರಡು. ಮುಂಜಾನಿ ಆರೂವರಿಗೆ ಬಿಡ್ರಿ. ಆರೂವರಿ ಅಂದ್ರ ಏಳೂಕಾಲು ಆಗ್ತೈತಿ, ಅದಕ್ಕ ಮಂದಿಗೆ ಆರು ಅಂತ ಹೇಳ್ರಿ. ದಾರ್ಯಾಗ ಅಣ್ಣಿಗೇರಿ ಬರ್ತೈತಿ, ಹೋಗೂ ಮುಂದ ನಿಲ್ಲಬ್ಯಾಡ್ರಿ. ಗದಗಿನ್ಯಾಗೂ ನಿಲ್ಲಬ್ಯಾಡ್ರಿ. ಸೀದಾ ಲಕ್ಕುಂಡಿ. ಕಾರಣ ಏನಂದ್ರ ಬಿಸಲು. ನಮ್ ಕಡೆ ಮದಿವಿ ಸೀಸನ್ ಅಂದ್ರ ಏಪ್ರಿಲ್-ಮೇ, ಗುಡ್ಯಾಗ ಬರಿಗಾಲು, ಹನ್ನೊಂದರ ಮ್ಯಾಲೆ ಹಾಸುಗಲ್ಲು ಹಂಚು ಆಗಿರ್ತೈತಿ. ನಮ್ ಚಿಗವ್ವ ಒಬ್ಬಾಕಿ ಗುಡಿ ನೋಡೂದು ಬಿಟ್ಟು ನೆರಳಿಂದ ನೆರಳಿಗೆ ಜಿಗದಾಡೂದ ಆತು. ಈಗ ನಾ ಗಾಡ್ಯಾಗ ಹತ್ತು ಜೋಡಿ ಹಳೇ ಸಾಕ್ಸ್ ಇಟ್ಟಿರ್ತೀನಿ.

ಲಕ್ಕುಂಡ್ಯಾಗ ನೂರಾ ಒಂದು ಗುಡಿ, ನೂರಾ ಒಂದು ಬಾವಿ ಇದ್ವು ಅಂತ ಮಾತು. ನೀವು ಮೂರು ಗುಡಿ, ಒಂದ್ ಬಾವಿ ನೋಡ್ರಿ ಸಾಕು.

ಮೊದಲ್ನೇದು ಕಾಶಿವಿಶ್ವನಾಥ. ಒಂದ ಕಟ್ಟಿ ಮ್ಯಾಲೆ ಎರಡು ಗುಡಿ ಎದುರು-ಬದುರು ನಿಂತಾವು, ಒಂದು ಶಿವಂದು, ಇನ್ನೊಂದು ಸೂರ್ಯಂದು. ಬಾಗಲಾ ಚೌಕಟ್ಟಿನ ಮುಂದ ನಿಂತು ಕೆಳಗಿಂದ ಮ್ಯಾಲೆ ನೋಡ್ಕೋತ ಹೋಗ್ರಿ, ಪಟ್ಟಿ ಪಕ್ಕಕ್ಕ ಪಟ್ಟಿ, ಒಂದ್ ಬಳ್ಳಿ, ಒಂದ್ ಸಾಲು ಸಣ್ಣ ಗೊಂಬಿ, ಮತ್ತೊಂದ್ ಬಳ್ಳಿ, ಬೆರಳಿನ ಉಗುರಿನಷ್ಟು ಜಾಗಾನೂ ಖಾಲಿ ಬಿಟ್ಟಿಲ್ಲ. ಆಮೇಲೆ ಕಂಬ. ಬಳಪದ ಕಲ್ಲು ಮೆತ್ತಗಿರ್ತೈತಿ, ಅದನ್ನ ಚರಕಿ ಮ್ಯಾಲೆ ತಿರುಗಿಸಿ ಕಡದಾರ, ಬಳಿ ಮ್ಯಾಲೆ ಬಳಿ ಇಟ್ಟಂಗ ಕಾಣ್ತಾವು. ಹುಡುಗನ ಕಾಕಾ ಲೇಥ್ ವರ್ಕ್‌ಶಾಪ್ ನಡಸೋರು, ಅವ್ರು ಕಂಬಕ್ಕ ಕಣ್ಣು ಹಚ್ಚಿ ಹಚ್ಚಿ ನೋಡಿ "ಕರೆಂಟ್ ಇಲ್ದೆ ಈ ಫಿನಿಶಿಂಗ್ ಹೆಂಗ್ರೀ" ಅಂತ ನನ್ನ ಕೇಳಿದ್ರು, ನನಗೇನ್ ಗೊತ್ತು. ಅವ್ರು ಉಳಿದ ಗುಡಿ ನೋಡಾಕ ಬರ್ಲಿಲ್ಲ, ಅದ ಕಂಬದ ಕಡೆ ಮುಕ್ಕಾಲು ತಾಸು ನಿಂತ್ರು.

ಎರಡ್ನೇದು ಬ್ರಹ್ಮ ಜಿನಾಲಯ, 1007ರಾಗ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣದ ಸಾವಿರ ಓಲೆ ಪ್ರತಿ ಬರಸಿ ಹಂಚಿದಾಕಿ, ದಾನಚಿಂತಾಮಣಿ ಅಂತ ಹೆಸರು ತಗೊಂಡಾಕಿ. ಒಳಗ ನಾಕು ಮುಖದ ಬ್ರಹ್ಮನ ಮೂರ್ತಿ ಮುಂದ ಸ್ವಲ್ಪ ಕತ್ತಲಿರ್ತೈತಿ, ಒಂದ್ ನಿಮಿಷ ಕಣ್ಣು ಹೊಂದ್ಕೊಳ್ಳಾಕ ಬಿಡ್ರಿ. ಬಾಜೂಕ ಮ್ಯೂಸಿಯಂ ಐತಿ, ತೆಗೆದಿದ್ರ ಒಂದ್ ಸುತ್ತು ಹಾಕ್ರಿ.

ಕಡೀಕ ಮಾಣಿಕೇಶ್ವರ ಗುಡಿ, ಅದರ ಮಗ್ಗಲಾ ಮುಸುಕಿನ ಬಾವಿ. ಮೂರು ಕಡಿಂದ ಮೆಟ್ಟಲ ಇಳೀತಾವು, ಗ್ವಾಡ್ಯಾಗ ಸಣ್ಣ ಸಣ್ಣ ಗುಡಿ ಕೆತ್ಯಾರ. ಬಾವಿ ಅಂದ್ರ ಕಟ್ಟಿ ಮ್ಯಾಲಿಂದ ಬಗ್ಗಿ ನೋಡೂದು ಅಂತ ತಿಳ್ಕೊಂಡೋರಿಗೆ ಇದು ಬ್ಯಾರೆ ಲೋಕ. ಸಣ್ಣ ಹುಡುಗುರ ಕೈ ಬಿಡಬ್ಯಾಡ್ರಿ, ಮೆಟ್ಟಲ ಕಿರಿದು, ಕೆಲವು ಜಾರ್ತಾವು. ಮಾಣಿಕೇಶ್ವರಕ್ಕ ಬರೂ ಹೊತ್ತಿಗೆ ಎಲ್ಲಾರೂ ದಣದಿರ್ತಾರ, ನೆರಳ್ಯಾಗ ಕುಂಡ್ರಿಸಿ ಮನಿಂದ ತಂದ ಚಕ್ಕುಲಿ-ಶೇಂಗಾ ಉಂಡಿ ಬಿಚ್ರಿ. ಗುಡಿ ಒಳಗಲ್ಲ, ಹೊರಗ.

ಹನ್ನೆರಡಕ್ಕ ಲಕ್ಕುಂಡಿ ಬಿಟ್ಟು ಗದಗಿಗೆ ಬಂದು ಊಟ. ಊಟ ಆದ ಮ್ಯಾಲೆ ತ್ರಿಕೂಟೇಶ್ವರ, ಒಂದ ಪೀಠದ ಮ್ಯಾಲೆ ಮೂರು ಲಿಂಗ. ಅದ ಆವಾರದಾಗ ಸರಸ್ವತಿ ಗುಡಿ, ಅಲ್ಲಿಯ ಕಂಬ ಮಾತ್ರ ಬಿಡಬ್ಯಾಡ್ರಿ. ವೀರನಾರಾಯಣ ಗುಡಿ ಮಧ್ಯಾಹ್ನ ಬಾಗಲಾ ಹಾಕಿರ್ತಾರ, ಸಂಜಿ ತೆಗೆಯೂತನಾ ಟೈಮ್ ಇದ್ರಷ್ಟ ಹೋಗ್ರಿ. ಅಲ್ಲಿ ಒಂದ್ ಕಂಬ ಐತಿ, ಕುಮಾರವ್ಯಾಸ ಒದ್ದಿ ಬಟ್ಟಿ ಉಟ್ಟು ಅದ ಕಂಬಕ್ಕ ಕುಂತು ಬಟ್ಟಿ ಆರೂತನಾ ಭಾರತ ಬರೀತಿದ್ದಾ ಅನ್ನೂ ಕತಿ ಎಲ್ಲಾರ ಬಾಯಾಗ ಐತಿ. ನಮ್ ಅಜ್ಜಿ ಆ ಕಂಬಕ್ಕ ಹಣಿ ಹಚ್ಚಿ ನಿಂತಾಕಿ ಏಳಾಕ ಒಲ್ಲಿ ಅಂದ್ಲು.

ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಬಹುದು, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಹುಡುಗುರಿಗೆ ಸಂಗೀತ ಕಲಿಸಿದ ಜಾಗ. ಅದು ಟೂರಿಸ್ಟ್ ಸ್ಪಾಟ್ ಅಲ್ಲ ಅನ್ನೂದು ನೆನಪಿರಲಿ, ಫೋನು ಒಳಗಿಟ್ಟು ಸುಮ್ನ ಕುಂತು ಬರ್ರಿ.

ವಾಪಸ್ ಬರೂ ಮುಂದ ಸಂಜಿ ತಂಪಿನ್ಯಾಗ ಅಣ್ಣಿಗೇರಿ, ಕರೀ ಕಲ್ಲಿನ ಅಮೃತೇಶ್ವರ ಗುಡಿ, ಎಪ್ಪತ್ತಾರು ಕಂಬ. ಆದಿಕವಿ ಪಂಪನ ಊರು ಅಂತ ನಮ್ ಮಂದಿ ಹೇಳ್ಕೊಳ್ಳೂದು ಇದನ್ನ. ಅರ್ಧಾ ತಾಸು ಸಾಕು. ಡಂಬಳದ ದೊಡ್ಡಬಸಪ್ಪ ಗುಡಿ ನಕ್ಷತ್ರದ ಆಕಾರದಾಗ ಐತಿ, ಅದೂ ಅದ್ಭುತ, ಆದ್ರ ಗದಗಿಂದ ಮತ್ತ ಇಪ್ಪತ್ತು ಕಿಲೋಮೀಟರ್ ಉಲ್ಟಾ ದಿಕ್ಕು, ಒಂದ ದಿನದಾಗ ತುರುಕಬ್ಯಾಡ್ರಿ. ಮದಿವಿ ಡಿಸೆಂಬರ್-ಜನವರ್ಯಾಗ ಇದ್ರ ಮಾತ್ರ ಪ್ಲಾನ್ ಬದಲು ಮಾಡಿ ಅಣ್ಣಿಗೇರಿ ಬದಲಿ ಮಾಗಡಿ ಕೆರಿ ನೋಡ್ರಿ, ಶಿರಹಟ್ಟಿ ತಾಲೂಕಿನ್ಯಾಗ ಬರ್ತೈತಿ, ಹಿಮಾಲಯ ದಾಟಿ ಬರೂ ಪಟ್ಟೆತಲೆ ಹೆಬ್ಬಾತುಗಳು ಸಾವಿರ ಲೆಕ್ಕದಾಗ ಇಳದಿರ್ತಾವು. 2024ರಾಗ ಈ ಕೆರಿ ರಾಮ್ಸಾರ್ ಪಟ್ಟಿ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ಜಾಗದ ಪಟ್ಟಿ ಸೇರೇತಿ. ಬ್ಯಾಸಗ್ಯಾಗ ಹೋದ್ರ ಹಕ್ಕಿ ಇರೂದಿಲ್ಲ.

ಹುಡುಗುರು ಜಾಸ್ತಿ ಇದ್ರ: ಹಾವೇರಿ ರಸ್ತಾ

ಸಣ್ಣವ್ರಿಗೆ ಗುಡಿ ಮ್ಯಾಲೆ ಗುಡಿ ತೋರಿಸಿದ್ರ ಅಳಾಕ ಶುರು ಮಾಡ್ತಾವು. ಅವಕ್ಕ ಬೆಂಗಳೂರು ಹೈವೇ ಹಿಡೀರಿ. ವರೂರಿನ್ಯಾಗ ನವಗ್ರಹ ತೀರ್ಥ, 61 ಅಡಿ ಪಾರ್ಶ್ವನಾಥನ ಮೂರ್ತಿ ರಸ್ತಾದಿಂದನ ಕಾಣ್ತೈತಿ. ಮುಂದ ಶಿಗ್ಗಾವಿ ಹತ್ರ ಗೊಟಗೋಡಿ, ಕಲಾವಿದ ಸೊಲಬಕ್ಕನವರ್ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಹಳ್ಳಿ ಮನಿ, ಎತ್ತು, ಸಂತಿ, ಕುಂಬಾರ, ಕಂಬಾರ ಎಲ್ಲಾ ಸಿಮೆಂಟಿನ್ಯಾಗ ಜೀವ ಬಂದಂಗ ಮಾಡ್ಯಾರ. ಮೂರು ತಾಸು ಇಲ್ಲೇ ಹೋಗ್ತಾವು, ಗಡಿಬಿಡಿ ಮಾಡಬ್ಯಾಡ್ರಿ. ಹಿರ್ಯಾರಿಗೂ ಭಾಳ ಸೇರ್ತೈತಿ, "ನಮ್ ಮನ್ಯಾಗ ಹಿಂಗ ಇತ್ತ ನೋಡು" ಅಂತ ಮೊಮ್ಮಕ್ಕಳಿಗೆ ತೋರಿಸ್ಕೋತ ಅವ್ರೇ ಮುಂದ ಹೋಗಿರ್ತಾರ.

ಟೈಮ್ ಉಳದ್ರ ಶಿಶುವಿನಹಾಳ, ಶರೀಫಜ್ಜನ ಊರು, ಇಲ್ಲಾ ಬಂಕಾಪುರ. ಬಂಕಾಪುರ ಕೋಟಿ ಒಳಗ ಅರವತ್ತು ಕಂಬದ ಗುಡಿ, ಸುತ್ತ ನವಿಲು. ನವಿಲು ಬೇಕಂದ್ರ ಮುಂಜಾನಿ ಇಲ್ಲಾ ಸಂಜಿಮುಂದ. ಕನಕದಾಸರು ಹುಟ್ಟಿದ ಬಾಡ ಅಲ್ಲೇ ಹತ್ರ. ಹಾವೇರಿ ತನಾ ಹೋಗೂ ಶಕ್ತಿ ಇದ್ರಷ್ಟ ಸಿದ್ಧೇಶ್ವರ ಗುಡಿ ಮತ್ತ ಏಲಕ್ಕಿ ಮಾಲಿ. ಮಾಲಿ ಮಾತ್ರ ಹೋಗಿ ಆಮೇಲೆ ಹುಡುಕಬ್ಯಾಡ್ರಿ, ಮೊದ್ಲೇ ಆರ್ಡರ್ ಕೊಟ್ಟು ತರಸ್ರಿ. ಬೀಗರಿಗೆ ಹಾಕಿದ್ರ ಮನ್ಯಾಗ ವರ್ಷಾನುಗಟ್ಲೆ ಇಟ್ಕೋತಾರ.

ದಾಂಡೇಲಿ ಹೋಗೋಣು ಅನ್ನೋರಿಗೆ

ಹುಡುಗನ ಫ್ರೆಂಡ್ಸು ಕೇಳೇ ಕೇಳ್ತಾರ. ದಾಂಡೇಲಿ, ಬಾದಾಮಿ, ಹಂಪಿ ಯಾವುದೂ ಮದಿವಿ ಹಿಂದಿನ ದಿನದ ಮಾತಲ್ಲ. ರ‍್ಯಾಫ್ಟಿಂಗ್ ಮಾಡಿ ಕೈ ತರಚ್ಕೊಂಡು ಬಂದ ಹುಡುಗನ್ನ ಫೋಟೋದಾಗ ಎಲ್ಲಿ ನಿಲ್ಲಿಸ್ತೀರಿ. ಮದಿವಿ ಆದ ಮ್ಯಾಲೆ, ಅವ್ರ ರೊಕ್ಕದಾಗ, ಅವ್ರ ಗಾಡ್ಯಾಗ, ರಾತ್ರಿ ಅಲ್ಲೇ ಉಳಿಯೂ ಹಂಗ.

ಊಟದ ವಿಷಯ

ಮೂರು ದಿನ ಕಾರ್ಯಾಲಯದ ಹೋಳಿಗಿ, ಬೂಂದಿ, ಮಾದಲಿ ತಿಂದ ಹೊಟ್ಟಿಗೆ ಖಾನಾವಳಿ ಊಟನ ಔಷಧ. ಬಿಸಿ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಝುಣಕಾ, ಶೇಂಗಾ ಚಟ್ನಿ, ಕೆನಿಮೊಸರು. ಹತ್ತರ ಮ್ಯಾಲೆ ಮಂದಿ ಇದ್ರ ಮುಂಜಾನಿನ ಫೋನ್ ಮಾಡಿ ಹೇಳ್ರಿ, ರೊಟ್ಟಿ ಬಡಿಯೋರಿಗೆ ಟೈಮ್ ಬೇಕು. ದಕ್ಷಿಣದ ಮಂದಿಗೆ ಖಾರ ಮೊದ್ಲೇ ತಿಳಸ್ರಿ, ರಂಜಕ ಕೆಂಪಗ ಛಂದ ಕಾಣ್ತೈತಿ ಅಂತ ಒಂದ್ ಚಮಚಾ ಬಾಯಾಗ ಹಾಕೊಂಡು ಕಣ್ಣೀರು ಹಾಕಿದೋರ್ನ ನೋಡೀನಿ. ಮಾಂಸದ ಊಟದೋರಿಗೆ ಸಾವಜಿ ಖಾನಾವಳಿ, ಹುಬ್ಬಳ್ಳ್ಯಾಗೂ ಗದಗ-ಬೆಟಗೇರ್ಯಾಗೂ ಸಿಗ್ತಾವು. ಮನ್ಯಾಗ ದೇವರ ಕಾರ್ಯ ಇರೂ ದಿನ ಮಾತ್ರ ಅತ್ತ ಹೋಗಬ್ಯಾಡ್ರಿ, ಹಿರ್ಯಾರು ಬಾಯಿ ಬಿಟ್ಟು ಹೇಳೂದಿಲ್ಲ, ಮನಸ್ಸಿನ್ಯಾಗ ಇಟ್ಕೋತಾರ. ಗದಗಿನ್ಯಾಗ ಸಂಜಿಮುಂದ ಬದನೀಕಾಯಿ ಭಜಿ ಸಿಕ್ರ ಬಿಡಬ್ಯಾಡ್ರಿ.

ಹೊರಡೂ ಮುಂದ

ಹಿಂದಿನ ರಾತ್ರಿ ವಾಟ್ಸಾಪ್ ಗ್ರೂಪಿನ್ಯಾಗ ಮೂರು ಸಾಲು ಹಾಕ್ರಿ: ಎಷ್ಟಕ್ಕ ಬಿಡೂದು, ಎಷ್ಟಕ್ಕ ವಾಪಸ್, ಯಾರ ನಂಬರಿಗೆ ಫೋನ್. ಲೊಕೇಶನ್ ಕಳಸ್ರಿ, ಆದ್ರ ಹಿರ್ಯಾರಿಗೆ ಬಾಯಿಲೆ ಹೇಳ್ರಿ, ಅವ್ರು ಗ್ರೂಪ್ ನೋಡೂದಿಲ್ಲ. ಗಾಡ್ಯಾಗ ಇಪ್ಪತ್ತು ಲೀಟರ್ ನೀರಿನ ಕ್ಯಾನು, ಸ್ಟೀಲ್ ಲೋಟ, ಓಆರ್‌ಎಸ್, ವಾಂತಿ ಮಾಡ್ಕೊಳ್ಳೋರಿಗೆ ಕ್ಯಾರಿಬ್ಯಾಗು, ಎರಡು ಛತ್ರಿ, ಆ ಸಾಕ್ಸು. ಜೂನ್ ಮ್ಯಾಲೆ ಆದ್ರ ಗಾಡಿ ಡಾಂಬರು ಬಿಟ್ಟು ಎರಿಮಣ್ಣಿಗೆ ಇಳಿಸಬ್ಯಾಡ್ರಿ, ಗಾಲಿ ಹುಗದ್ರ ಟ್ರ್ಯಾಕ್ಟರ್ ಬರೂತನಾ ಅಲ್ಲೇ.

ಪ್ರತಿ ಸ್ಟಾಪಿನ್ಯಾಗ ತಲಿ ಎಣಸ್ರಿ. ಇದನ್ನ ನಗಾಡಬ್ಯಾಡ್ರಿ. ತಂಗಿ ಮದಿವಿ ಟ್ರಿಪ್‌ನ್ಯಾಗ ಲಕ್ಕುಂಡಿ ಬಿಟ್ಟು ಎರಡು ಕಿಲೋಮೀಟರ್ ಬಂದ ಮ್ಯಾಲೆ ಲೇಥ್ ಕಾಕಾ ಗಾಡ್ಯಾಗ ಇಲ್ಲ ಅನ್ನೂದು ಗೊತ್ತಾತು. ವಾಪಸ್ ಹೋದ್ರ ಅದ ಕಂಬದ ಮುಂದ ನಿಂತಿದ್ರು, ನಾವು ಬಿಟ್ಟು ಹೋಗಿದ್ದೂ ಅವ್ರಿಗೆ ಗೊತ್ತಿರ್ಲಿಲ್ಲ.